ಚೆಂಡು ನಮ್ಮ ಕೈಗೆ, ಬ್ಯಾಟು ಅವರ ಕೈಗೆ

ಚೆಂಡು ಒಗೆಯುವುದನ್ನು ನಮಗೆ ಯಾರೂ ಕಲಿಸಲಿಲ್ಲ. ಕಲಿಸುವ ಅಗತ್ಯವೂ ಇರಲಿಲ್ಲ. ಜೋಳ ತೆನೆ ಹಾಯ್ದಾಗ ಅಟ್ಟದ ಮೇಲೆ ನಿಂತು ಬ್ಯಾರೇದವರ ಹೊಲದ ಹಕ್ಕಿ ಕಾಯ್ದವರು ನಾವು. ಕವಣೆ ಬೀಸಿ ಬೀಸಿ ಹೆಗಲು ಹುರಿಗಟ್ಟಿತ್ತು. ಎಲ್ಲಿ ಒಗೆದರೆ ಕಲ್ಲು ಎಲ್ಲಿ ಬೀಳುತ್ತದೆ ಅನ್ನುವುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತಿತ್ತು. ಊರಿನ ಹುಡುಗರು ಹೊಳೆ ದಂಡೆಗೆ ಮೂರು ಬಡಿಗೆ ನೆಟ್ಟು ಆಟ ಹೂಡಿದಾಗ ನಮ್ಮನ್ನು ಕರೆದದ್ದು ಈ ಕೈ ನೋಡಿಯೇ. "ಬರ್‍ರಲೇ, ಒಗೀರಿ" ಅಂದರು. ಒಗೆದೆವು. ಬ್ಯಾಟು ಅವರದು. ಅವರ ಅಪ್ಪ ಬಾಗಲಕೋಟಿಯಿಂದ ತಂದದ್ದು. ಬ್ಯಾಟು ಯಾರದೋ ಮೊದಲ ಆಟ ಅವರದು ಅನ್ನುವುದು ಎಲ್ಲಾ ಊರಿನ ಕಾಯ್ದೆ. ಆದರೆ ನಮ್ಮ ಊರಿನಲ್ಲಿ ಎರಡನೆಯ ಆಟ, ಮೂರನೆಯ ಆಟವೂ ಅವರದೇ ಆಗಿ, ನಮ್ಮ ಪಾಳಿ ಬರುವ ಹೊತ್ತಿಗೆ ಮಲಪ್ರಭೆಯ ಆಚೆ ದಂಡೆಗೆ ಹೊತ್ತು ಮುಳುಗಿರುತ್ತಿತ್ತು.

"ಚೆಂಡು ಕಾಣೂದಿಲ್ಲಪಾ, ನಾಳೆ ನೋಡೂಣು."

ಆ ನಾಳೆಯ ಬಗ್ಗೆ ಬರೆಯಬೇಕೆಂದು ಕೂತಿದ್ದೇವೆ.

ಪಟ್ಟದಕಲ್ಲಿನಿಂದ ನಡೆದು ಹೋಗುವಷ್ಟು ದೂರದ್ದು ನಮ್ಮ ಊರು. ಹೆಸರು ಬೇಡ. ಹೆಸರು ಹೇಳಿದರೆ ಜಗಳ ಆ ಒಂದು ಊರಿನದಾಗುತ್ತದೆ. ಉಳಿದ ಊರುಗಳು ಕೈ ತೊಳೆದುಕೊಳ್ಳುತ್ತವೆ.

ಗೆಳೆಯರೆ, ಕ್ರಿಕೆಟ್ಟು ದುಡ್ಡಿದ್ದವರ ಆಟ, ನಮ್ಮ ಹೋರಾಟಕ್ಕೂ ಅದಕ್ಕೂ ಏನು ಸಂಬಂಧ ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನಾವೂ ಕೇಳಿದ್ದೆವು. ಆದರೆ ಕೇರಿಯ ಹುಡುಗರು ಸಭೆಗೆ ಬರುವುದಕ್ಕಿಂತ ಮೊದಲು ಹೊಳೆ ದಂಡೆಗೆ ಹೋಗುತ್ತಾರೆ. ಅಲ್ಲಿ ಏನು ನಡೆಯುತ್ತದೆ ಅಂತ ನೋಡದೆ ಅವರ ಎದುರು ನಿಂತು ಭಾಷಣ ಮಾಡುವುದು ಹೇಗೆ?

ಹಳ್ಳಿಯ ಮೇಷ್ಟ್ರುಗಳಿಗಾಗಿ ಒಂದು ಲೆಕ್ಕ. ಒಂದು ದಿನದ ಆಟದಲ್ಲಿ 50 ಓವರು. ಒಬ್ಬ 10ಕ್ಕಿಂತ ಹೆಚ್ಚು ಒಗೆಯುವಂತಿಲ್ಲ. ಅಂದರೆ ಕಡಿಮೆಯೆಂದರೆ ಐದು ಮಂದಿ ಬೌಲರುಗಳು ಬೇಕು. ಹಿಂದೆ ನಿಂತು ಚೆಂಡು ಹಿಡಿಯುವವ ಒಬ್ಬ. ಹನ್ನೊಂದರಲ್ಲಿ ಆರು ಹೋದರೆ ಬರೀ ಬ್ಯಾಟಿಗಾಗಿ ಉಳಿದದ್ದು ಐದು. ಐದು ಸಾಲುವುದಿಲ್ಲ. ಒಬ್ಬ ಬೌಲರನನ್ನು ಕಡಿಮೆ ಮಾಡಿದರೆ ಹತ್ತು ಓವರು ಗತಿಯಿಲ್ಲದೆ ಬೀಳುತ್ತವೆ. ಈ ಇಕ್ಕಟ್ಟಿನೊಳಗೆ ಎರಡೂ ಬಲ್ಲವನೊಬ್ಬ ಬಂದರೆ ತಂಡ ಹನ್ನೊಂದೇ ಇದ್ದು ಹನ್ನೆರಡಾಗುತ್ತದೆ. ಆಲ್‌ರೌಂಡರ್ ಅಂದರೆ ಇಷ್ಟೆ. ಐದು ದಿನದ ಟೆಸ್ಟಿನಲ್ಲಿ ಒಬ್ಬ ಬೌಲರ್ ದಿನವಿಡೀ ಒಗೆಯಬಹುದು, ಅಲ್ಲಿ ಇಂಥವನಿಲ್ಲದೆ ಹೇಗೋ ನಡೆಯುತ್ತದೆ. ಓವರಿಗೆ ಮಿತಿ ಹಾಕಿದ ಕೂಡಲೆ ಇವನಿಲ್ಲದೆ ನಡೆಯುವುದಿಲ್ಲ.

ಅಂಥವನು ಇಲ್ಲದಾಗ ಏನಾಗುತ್ತದೆ ಅನ್ನುವುದನ್ನು ದೇಶವೇ ಕಂಡಿತು. 2023ರ ವಿಶ್ವಕಪ್ಪಿನಲ್ಲಿ ಅಕ್ಟೋಬರ್ 19ರಂದು ಪುಣೆಯಲ್ಲಿ ಬಾಂಗ್ಲಾದ ಎದುರು ತನ್ನ ಬೌಲಿಂಗಿನ ಚೆಂಡನ್ನು ಕಾಲಿನಿಂದ ತಡೆಯಲು ಹೋಗಿ ಹಾರ್ದಿಕ್ ಪಾಂಡ್ಯ ಕಾಲು ಉಳುಕಿಸಿಕೊಂಡ. ಹೋದದ್ದು ಒಬ್ಬ. ಮುಂದಿನ ಪಂದ್ಯಕ್ಕೆ ತಂಡದಲ್ಲಿ ಇಬ್ಬರನ್ನು ಬದಲು ಮಾಡಬೇಕಾಯಿತು: ಬ್ಯಾಟಿಗೆ ಸೂರ್ಯಕುಮಾರ್, ಚೆಂಡಿಗೆ ಶಮಿ. ಅಲ್ಲಿಂದ ಐದೇ ಬೌಲರುಗಳ ಮೇಲೆ ತಂಡ ನಿಂತಿತು. ಗೆಲ್ಲುತ್ತಲೇ ಹೋಯಿತು, ನಿಜ. ನವೆಂಬರ್ 19ಕ್ಕೆ ಅಹಮದಾಬಾದಿನ ಫೈನಲ್ಲಿನಲ್ಲಿ ಆಸ್ಟ್ರೇಲಿಯದ ಹೆಡ್ ನಿಂತುಬಿಟ್ಟಾಗ ಕರೆಯಲಿಕ್ಕೆ ಆರನೆಯ ಕೈ ಇರಲಿಲ್ಲ.

ಮರುವರ್ಷ ಜೂನ್ 29ರ ರಾತ್ರಿ ಕೇರಿಯ ಒಂದೇ ಟೀವಿಯ ಮುಂದೆ ಅರ್ಧ ಕೇರಿ ಕೂತಿತ್ತು. ಇಪ್ಪತ್ತು ಓವರಿನ ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಕ್ಕೆ ಕಡೇ ಓವರಿನಲ್ಲಿ 16 ರನ್ ಬೇಕು, ಒಗೆಯಲಿಕ್ಕೆ ಅದೇ ಹಾರ್ದಿಕ್. ಮೊದಲ ಚೆಂಡಿಗೆ ಮಿಲ್ಲರ್ ಹೋದ. ಏಳು ರನ್ನಿನಿಂದ ಗೆದ್ದೆವು. ಎಲ್ಲರೂ ಕುಣಿಯುವಾಗ ನಮ್ಮ ಮುತ್ಯಾ ಕಂಬಕ್ಕೆ ಆತು ಕೂತಿದ್ದ.

"ಯಾಕಪಾ, ಅಂವಗ ಏನೋ ಅನ್ನಾಕತ್ತೀರಲ್ಲ. ಆಲ್‌ರೌಂಡ್ರ. ಹಂಗಂದ್ರೇನು?"

"ಚೆಂಡೂ ಒಗೀತಾನ, ಬ್ಯಾಟೂ ಹಿಡೀತಾನ ಮುತ್ಯಾ. ಎರಡೂ ಕೆಲಸ."

ಮುತ್ಯಾ ಎಲಿ ಅಡಿಕಿ ಚೀಲ ಬಿಚ್ಚಿದ. ಸುಣ್ಣ ಹಚ್ಚಿದ. "ಎರಡಕ್ಕೂ ಪಗಾರ ಬ್ಯಾರೆ ಬ್ಯಾರೆ ಕೊಡ್ತಾರೇನು?"

ಮಂದಿ ನಕ್ಕರು. ನಮಗೆ ನಗು ಬರಲಿಲ್ಲ.

ಮುತ್ಯಾ ಸಣ್ಣವನಿದ್ದಾಗ ಅವನ ಅಪ್ಪ ಊರ ಚಾಕರಿಯಲ್ಲಿದ್ದ. ಡಂಗುರ ಸಾರುವುದು, ಜಾತ್ರೆಗೆ ಹಲಗಿ ಬಡಿಯುವುದು, ಸತ್ತ ದನ ಎಳೆಯುವುದು, ಚಾವಡಿಯ ಕಸ ಹೊಡೆಯುವುದು, ಸಾವಿನ ಸುದ್ದಿ ಹೊತ್ತು ರಾತ್ರೋರಾತ್ರಿ ಬೀಗರ ಊರಿಗೆ ನಡೆಯುವುದು, ಸರಕಾರದವರು ಬಂದರೆ ಅವರ ಗಂಟು ಹೊರುವುದು. ಪಗಾರ ಇಲ್ಲ. ರಾಶಿ ಮಾಡುವಾಗ ಕಣದ ಮೂಲೆಯಲ್ಲಿ ನಿಂತರೆ ಆಯ ಅಂತ ಒಂದಿಷ್ಟು ಜೋಳ. ಈ ವತನಗಳನ್ನು ತೆಗೆಯಬೇಕೆಂದು ಬಾಬಾಸಾಹೇಬರು 1928ರಲ್ಲೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದಿದ್ದರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿಗೆ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆ ಬಂತು, ಚಾಕರಿ ನಿಂತದ್ದು ಇನ್ನೂ ಎಷ್ಟೋ ವರ್ಷಕ್ಕೆ. ಮುತ್ಯಾ ಅಪ್ಪನ ಹಿಂದೆ ಹಲಗಿ ಹೊತ್ತು ತಿರುಗಿದವನು.

ಆ ರಾತ್ರಿ ಒಂದು ಪದ್ಯ ಬರೆದೆವು. ನಮ್ಮ ಮುತ್ಯಾನ ಅಪ್ಪನೇ ಈ ದೇಶದ ಮೊದಲ ಆಲ್‌ರೌಂಡರ್ ಅನ್ನುವ ಧಾಟಿಯದು. ಬೆಳಿಗ್ಗೆ ಓದಿ ಹರಿದು ಹಾಕಿದೆವು. ಚಪ್ಪಾಳೆ ಬೀಳುವ ಪದ್ಯ, ಆದರೆ ಸುಳ್ಳು. ಹಾರ್ದಿಕ್ ಎರಡೂ ಕೆಲಸ ಮಾಡುವುದರಿಂದ ಅವನ ಬೆಲೆ ಎರಡರಷ್ಟಾಗುತ್ತದೆ. ಮುತ್ಯಾನ ಅಪ್ಪ ಹತ್ತು ಕೆಲಸ ಮಾಡಿದ್ದರಿಂದಲೇ ಯಾವ ಒಂದು ಕೆಲಸಕ್ಕೂ ಬೆಲೆ ಬರಲಿಲ್ಲ. ಒಬ್ಬ ಬೇಡ ಅನ್ನಬಲ್ಲ. ಇನ್ನೊಬ್ಬನಿಗೆ ಬೇಡ ಅನ್ನುವ ಬಾಯೇ ಇರಲಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಚಾಕರಿಗೆ ಹೂವಿನ ಹಾರ ಹಾಕಿದಂತಾಗುತ್ತದೆ. ನಮ್ಮ ಕವಿಮಿತ್ರರು ಈ ಚಟವನ್ನು ಸ್ವಲ್ಪ ಬಿಡಬೇಕು. ನಾವೂ ಬಿಡಬೇಕು.

ಪಟ್ಟದಕಲ್ಲಿನ ವಿಷಯದಲ್ಲೂ ನಾವು ಒಮ್ಮೆ ಹೀಗೇ ಎಡವಿದ್ದೆವು. ಕಟ್ಟಿಸಿದ ರಾಣಿಯ ಹೆಸರು ಉಂಟು, ಕಲ್ಲು ಕೆತ್ತಿದವರ ಹೆಸರಿಲ್ಲ ಅಂತ ಒಂದು ಭಾಷಣದಲ್ಲಿ ಗುಡುಗಿದೆವು. ಆಮೇಲೆ ಶಾಸನದ ಪಾಠ ಓದಿ ನಾಲಿಗೆ ಕಚ್ಚಿಕೊಂಡೆವು. ಹೆಸರುಗಳದಾವ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ, ಅನಿವಾರಿತಾಚಾರಿ ಎನ್ನುವ ಬಿರುದಿನ ಗುಂಡನ ಹೆಸರಿದೆ. ಸರ್ವಸಿದ್ಧಿ ಆಚಾರಿಯ ಹೆಸರಿದೆ. ಈ ಸರ್ವಸಿದ್ಧಿ ಮನೆ, ಅರಮನೆ, ವಾಹನ, ಆಸನ, ಮಂಚ, ಕಿರೀಟ, ರತ್ನದ ಒಡವೆ ಇಷ್ಟರಲ್ಲೂ ಪಳಗಿದ ಕೈಯವನಂತೆ. ಕೈಕೆಲಸದವನ ಎಲ್ಲಾ ಕೆಲಸಗಳನ್ನೂ ಎಣಿಸಿ ಕಲ್ಲಿನ ಮೇಲೆ ಬರೆದು ಗೌರವಿಸಿದ್ದು ನಮ್ಮ ಹೊಳೆ ದಂಡೆಯಲ್ಲೇ ಆಗಿದೆ. ಆ ಕಲ್ಲನ್ನು ಗಣಿಯಿಂದ ಎಳೆದು ತಂದವರ ಹೆಸರು ಮಾತ್ರ ಈಗಲೂ ಕಾಣುವುದಿಲ್ಲ. ಭಾಷಣವನ್ನು ಅಷ್ಟಕ್ಕೇ ತಿದ್ದಿಕೊಂಡಿದ್ದೇವೆ.

ಕ್ರಿಕೆಟ್ಟಿಗೆ ಬರೋಣ. ನಮ್ಮ ನಾಡಿನವರ ಪಾಲು ಇದರಲ್ಲಿ ಸಣ್ಣದಲ್ಲ. 1983ರ ವಿಶ್ವಕಪ್ಪು ಗೆದ್ದದ್ದು ಕಪಿಲ್ ದೇವ್ ಅನ್ನುತ್ತಾರೆ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್ ಎಂಬ ಊರಲ್ಲಿ ಜಿಂಬಾಬ್ವೆಯ ಎದುರು 17 ರನ್ನಿಗೆ 5 ಮಂದಿ ಹೋಗಿದ್ದಾಗ ಕಪಿಲ್ 175 ಹೊಡೆದು ಉಳಿದ. ಅದರ ವಿಡಿಯೋ ಕೂಡ ಇಲ್ಲ, ಟೀವಿಯವರು ಯಾರೂ ಹಿಡಿದಿಡಲಿಲ್ಲ. ಆದರೆ ಆ 17ಕ್ಕೆ 5ರ ಹೊತ್ತಿನಲ್ಲಿ ಅವನ ಎದುರು ತುದಿಗೆ ನಿಂತವನು ಬೆಂಗಳೂರಿನ ರೋಜರ್ ಬಿನ್ನಿ. ಹೊಡೆದದ್ದು 22. ಇಬ್ಬರೂ ಕೂಡಿಸಿದ್ದು 60. ಆಮೇಲೆ ಕರ್ನಾಟಕದವನೇ ಆದ ಕಿರ್ಮಾನಿ 24 ಹೊಡೆದು ಔಟಾಗದೆ ಉಳಿದು ಕಪಿಲ್ ಜೊತೆ 126 ಕೂಡಿಸಿದ. ಎರಡು ದಿನ ಬಿಟ್ಟು ಆಸ್ಟ್ರೇಲಿಯದ ಎದುರು ಬಿನ್ನಿ ಬ್ಯಾಟಿನಿಂದ 21 ಹೊಡೆದು, 29 ರನ್ನಿಗೆ 4 ವಿಕೆಟ್ ಕಿತ್ತ. ಫೈನಲ್ಲಿನಲ್ಲಿ ಕ್ಲೈವ್ ಲಾಯ್ಡ್ ಬಲಿಯಾದದ್ದು ಅವನಿಗೇ. ಇಡೀ ಕಪ್ಪಿನಲ್ಲಿ 18 ವಿಕೆಟ್, ಯಾರಿಗಿಂತಲೂ ಹೆಚ್ಚು. ಆ ತಂಡ ನೋಡಿ: ಕಪಿಲ್, ಬಿನ್ನಿ, ಮದನಲಾಲ್, ಮೊಹಿಂದರ್ ಅಮರನಾಥ್, ಎಲ್ಲರೂ ಎರಡು ಕೈಯವರೇ. ಫೈನಲ್ಲಿನಲ್ಲಿ 26 ಹೊಡೆದು 12 ರನ್ನಿಗೆ 3 ವಿಕೆಟ್ ತೆಗೆದ ಅಮರನಾಥನಿಗೆ ಪಂದ್ಯದ ಬಹುಮಾನ ಬಂತು. ಇದು ಒಬ್ಬ ವೀರನ ಕಪ್ಪಲ್ಲ. 20, 22, 24 ಹೊಡೆದವರ ಕಪ್ಪು.

ಇಂಥವರನ್ನು ಬಯ್ಯುವುದಕ್ಕೆ ಒಂದು ಮಾತಿದೆ, ತುಂಡು ತುಕಡಿ ಆಟಗಾರರು ಅಂತ. 2019ರಲ್ಲಿ ಸಂಜಯ್ ಮಂಜ್ರೇಕರ್ ರವೀಂದ್ರ ಜಡೇಜನನ್ನು ಹಾಗೆ ಅಂದರು. ಕೆಲವೇ ದಿನಕ್ಕೆ ಸೆಮಿಫೈನಲ್ಲಿನಲ್ಲಿ, ಎಲ್ಲರೂ ಕೈಚೆಲ್ಲಿದ ಮೇಲೆ, ಜಡೇಜ 59 ಚೆಂಡಿನಲ್ಲಿ 77 ಹೊಡೆದ. ಪಂದ್ಯ ಸೋತಿತು. ಮಂಜ್ರೇಕರ್ ತಮ್ಮ ಮಾತು ತಪ್ಪಾಯಿತೆಂದು ಒಪ್ಪಿಕೊಂಡರು. ದೊಡ್ಡ ಮಾತು. ನಮ್ಮ ಊರಿನಲ್ಲಿ ಒಪ್ಪಿಕೊಳ್ಳುವವರು ಇನ್ನೂ ಹುಟ್ಟಬೇಕು.

ನಮಗೆ ಹತ್ತಿರದವನೆಂದರೆ ಗದಗಿನ ಸುನೀಲ್ ಜೋಶಿ. ಪಕ್ಕದ ಜಿಲ್ಲೆ. ನಸುಕಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಆಡಿ, ಶಾಲೆ ಗಂಟೆಯ ಹೊತ್ತಿಗೆ ಮರಳುತ್ತಿದ್ದನಂತೆ. ಎಡಗೈ ಬೌಲಿಂಗು, ಎಡಗೈ ಬ್ಯಾಟು. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರಿನಲ್ಲಿ ಕೊಟ್ಟದ್ದು 6 ರನ್, ತೆಗೆದದ್ದು 5 ವಿಕೆಟ್. ಮರುವರ್ಷ ಬಾಂಗ್ಲಾದ ಮೊದಲ ಟೆಸ್ಟಿನಲ್ಲಿ 8 ವಿಕೆಟ್ ಕಿತ್ತು 92 ರನ್ ಹೊಡೆದ. ಉತ್ತರ ಕರ್ನಾಟಕದ ಹುಡುಗ ದೇಶಕ್ಕೆ ಆಡಬಹುದು ಅಂತ ತೋರಿಸಿದವನು, ಅದಕ್ಕೆ ನಮಗೂ ಹೆಮ್ಮೆ. ಆದರೆ ಗದಗಿನಿಂದ ಹುಬ್ಬಳ್ಳಿಗೆ ಬಸ್ಸು ರೈಲು ಅದಾವ. ಕೇರಿಯಿಂದ ಊರಿಗೆ ಯಾವ ಗಾಡಿಯೂ ಇಲ್ಲ.

ಆ ದಾರಿ ನಡೆದವನೊಬ್ಬ ಇದ್ದ. ಅವನ ಹೆಸರು ನಮಗೆ ಗೊತ್ತಾದದ್ದು ಡಿಗ್ರಿ ಓದುವಾಗ, ಗ್ರಂಥಾಲಯದಲ್ಲಿ ರಾಮಚಂದ್ರ ಗುಹಾ ಬರೆದ ಕ್ರಿಕೆಟ್ ಚರಿತ್ರೆ ಕೈಗೆ ಸಿಕ್ಕಾಗ. ನಮ್ಮ ಮನೆಯಲ್ಲಿ ಪುಸ್ತಕದ ಮುಖ ನೋಡಿದವರಲ್ಲಿ ಮೊದಲಿನವರು ನಾವು. ಇಂಗ್ಲಿಷಿನ ಆ ಪುಟಗಳನ್ನು ಬೆರಳಿಟ್ಟು ಓದಿದೆವು. ಪಲ್ವಣ್‌ಕರ್ ಬಾಳೂ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವನು. ಚಮ್ಮಾರರ ಮಗ. ಪುಣೆಯ ಗೋರಾಗಳ ಮೈದಾನದಲ್ಲಿ ಪಿಚ್ ಉರುಳಿಸುವುದು, ಬಲೆ ಕಟ್ಟುವುದು, ಗೆರೆ ಎಳೆಯುವುದು ಅವನ ಕೆಲಸ. ತಿಂಗಳಿಗೆ 4 ರೂಪಾಯಿ. ಬಿಡುವಿದ್ದಾಗ ಸಾಹೇಬರಿಗೆ ಚೆಂಡು ಒಗೆಯಬೇಕು. ತಾಸುಗಟ್ಟಲೆ ಎಡಗೈಯಿಂದ ಒಗೆದ. ಒಗೆದು ಒಗೆದು ದೇಶದ ದೊಡ್ಡ ಬೌಲರ್ ಆದ. ಆ ಬಲೆಯೊಳಗೆ ಅವನ ಕೈಗೆ ಒಮ್ಮೆಯೂ ಬ್ಯಾಟು ಕೊಡಲಿಲ್ಲ.

ಇದನ್ನು ಓದಿ ಪುಸ್ತಕ ಮುಚ್ಚಿ ಹೊರಗೆ ಬಂದು ನಿಂತೆವು. ನಮ್ಮ ಹೊಳೆ ದಂಡೆಯನ್ನು ಯಾರೋ ನೂರು ವರ್ಷ ಮೊದಲೇ ನೋಡಿ ಬರೆದಿಟ್ಟಿದ್ದರು.

ಹಿಂದೂ ತಂಡದವರಿಗೆ ಗೆಲ್ಲಲಿಕ್ಕೆ ಅವನ ಕೈ ಬೇಕಾಯಿತು. ತೆಗೆದುಕೊಂಡರು. ಮೈದಾನದೊಳಗೆ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಅವರು ಒಳಗೆ ಪಿಂಗಾಣಿ ಕಪ್ಪಿನಲ್ಲಿ, ಇವನು ಹೊರಗೆ ಒಡೆದು ಬಿಸಾಕುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಅವನೊಬ್ಬನೇ 114 ವಿಕೆಟ್ ತೆಗೆದ. ಆದರೂ ನಾಯಕನ ಪಟ್ಟ ಸಿಗಲಿಲ್ಲ. 1920ರಲ್ಲಿ, ತಮ್ಮಂದಿರು ಜಗಳ ತೆಗೆದ ಮೇಲೆ, ಉಪನಾಯಕ ಅಂದರು. ಅಷ್ಟೆ.

ಅವನ ಬೆನ್ನಿಗೆ ಬಂದ ತಮ್ಮ ಶಿವರಾಮ ಬ್ಯಾಟೂ ಹಿಡಿದ, ಚೆಂಡೂ ಒಗೆದ. ಆ ಮನೆಯ ಆಲ್‌ರೌಂಡರ್ ಅವನು. ಇನ್ನೂ ಸಣ್ಣವನಾದ ವಿಠ್ಠಲ ಬ್ಯಾಟಿನಿಂದಲೇ ಹೆಸರಾದ, 1923ರಲ್ಲಿ ಹಿಂದೂ ತಂಡದ ನಾಯಕನಾದ. ಅಣ್ಣನ ಚೆಂಡು ತಮ್ಮನ ಬ್ಯಾಟಾಗಲಿಕ್ಕೆ ಒಂದೇ ಮನೆಯೊಳಗೆ ಇಷ್ಟು ವರ್ಷ, ಇಷ್ಟು ಮಂದಿ ಬೇಕಾದರು. ನಮ್ಮವರ ಪೈಕಿ ಎರಡೂ ಬಲ್ಲವರು ಯಾಕೆ ಕಡಿಮೆ ಅಂತ ಕೇಳುವವರಿಗೆ ಈ ಮನೆಯ ಕತೆ ಹೇಳಬೇಕು.

ಕಳೆದ ಬೇಸಿಗೆಯಲ್ಲಿ ನಡೆದದ್ದನ್ನು ಈಗ ಹೇಳುತ್ತೇವೆ. ಹೊಳೆಸಾಲಿನ ಊರುಗಳ ನಡುವೆ ಟೆನಿಸ್ ಚೆಂಡಿನ ಪಂದ್ಯಾವಳಿ. ಹತ್ತು ಓವರು, ಒಬ್ಬನಿಗೆ ಎರಡೇ. ಅಂದರೆ ಇಲ್ಲೂ ಐದು ಬೌಲರು. ಊರಿನ ತಂಡದಲ್ಲಿ ನಮ್ಮ ಕೇರಿಯವರು ಮೂವರು, ಮೂವರೂ ಬೌಲಿಂಗಿಗೆ. ಅದರಲ್ಲಿ ಒಬ್ಬ ಎಡಚ. ಅವನನ್ನು ಎಲ್ಲರೂ ಎಡಚ ಅಂತಲೇ ಕರೆಯುವುದು. ಸೆಮಿಫೈನಲ್ಲಿನಲ್ಲಿ ಎರಡು ಓವರಿನಲ್ಲಿ ಮೂರು ವಿಕೆಟ್ ಕಿತ್ತ. ಬ್ಯಾಟಿಂಗಿನ ಚೀಟಿಯಲ್ಲಿ ಅವನ ನಂಬರು ಹನ್ನೊಂದು, ಯಾವತ್ತಿನಂತೆ.

ಕಡೇ ಓವರಿಗೆ 9 ರನ್ ಬೇಕು, ಒಂದೇ ವಿಕೆಟ್ ಉಳಿದಿದೆ, ಹೊಡೆಯುವ ತುದಿಗೆ ಎಡಚ. ನಾಯಕ ಆಚೆ ತುದಿಯಿಂದ ನಡೆದು ಬಂದ.

"ಏ ತಮ್ಮಾ, ನೀ ಏನೂ ಮಾಡಬ್ಯಾಡ. ಒಂದ್ ರನ್ ತಗೊಂಡು ಈ ಕಡೆ ಬಾ. ಉಳಿದದ್ದು ನಾ ನೋಡ್ಕೋತೀನಿ."

ಎಡಚ ಒಂದು ತೆಗೆದ. ನಾಯಕ ಮೊದಲನೆಯದನ್ನು ಬೀಸಿದ, ತಾಗಲಿಲ್ಲ. ಎರಡನೆಯದು ನಾಲ್ಕು ಹೋಯಿತು. ಮೂರನೆಯದು ಗಾಳಿಗೆ ಎದ್ದು ಕೈಗೆ ಬಿತ್ತು. ಮುಗಿಯಿತು.

ಸಂಜೆ ಚಹದಂಗಡಿಯ ಮುಂದೆ ಮಾತು ಹುಟ್ಟಿತು, ಎಡಚ ಆ ಮೊದಲನೇ ಬಾಲು ಹಾಳು ಮಾಡಿದ ಅಂತ. "ಅವರಿಗೆ ಬ್ಯಾಟಿಂಗ್ ಎಲ್ಲಿ ಬರ್ತದಪಾ" ಅಂತ ಒಬ್ಬ ಅಂದ. ಚಹ ಎಲ್ಲರಿಗೂ ಕಾಗದದ ಕಪ್ಪಿನಲ್ಲೇ ಬಂತು. ಬಾಳೂವಿನ ಕುಡಿಕೆ ಈಗ ಎಲ್ಲರ ಕೈಗೂ ಬಂದಿದೆ. ಹೀಗಾಗಿ ಯಾರ ಕುಡಿಕೆ ಯಾವುದು ಅಂತ ಕೇಳಲಿಕ್ಕೂ ಆಗದು.

ನಾವು ಎಡಚನ ಮೇಲೆ ಸಿಟ್ಟಾದೆವು. ಅವನು ಹೇಳಿದ ಅಂತ ನೀ ಯಾಕ ಕೊಟ್ಟಿ? ಹೊಡೀಬೇಕಿತ್ತು. ನಾಕು ಅಕ್ಷರ ಕಲಿತ ನಮ್ಮ ನಾಲಿಗೆ ಜೋರಾಗಿಯೇ ಓಡಿತು. ಸ್ವಾಭಿಮಾನ ಅಂದೆವು, ಗುಲಾಮಗಿರಿ ಅಂದೆವು. ಎಡಚ ಸುಮ್ಮನೆ ಕೇಳಿದ. ಆಮೇಲೆ ಅಂದ:

"ನಾ ಈ ಊರಾಗ ಎಷ್ಟು ಬಾಲ್ ಒಗದೀನಿ? ಲೆಕ್ಕ ಐತೇನು ನಿಮಗ? ಎಷ್ಟು ಬಾಲ್ ಆಡೀನಿ? ಅದರ ಲೆಕ್ಕ ನನಗ ಐತಿ. ಅದ್ನ ಕೇಳ್ರಿ."

ಕೇಳುವ ಧೈರ್ಯ ಆಗಲಿಲ್ಲ.

ಅಂದಿನಿಂದ ಕೇರಿಯಲ್ಲಿ ಎರಡು ಮಾತಾಗಿವೆ. ಬರುವ ಏಪ್ರಿಲ್ 14ರ ಜಯಂತಿ ಪಂದ್ಯಾವಳಿಗೆ ನಮ್ಮದೇ ತಂಡ ಕಟ್ಟಬೇಕು ಅನ್ನುವವರು ಒಂದು ಕಡೆ. ಊರ ತಂಡದೊಳಗೇ ಇದ್ದು ಬ್ಯಾಟು ಕೇಳಬೇಕು, ಬಿಟ್ಟು ಬಂದರೆ ಅವರಿಗೆ ಸಸಾರ, ಅನ್ನುವವರು ಇನ್ನೊಂದು ಕಡೆ. ಸಣ್ಣ ಜಗಳ ಅಂತ ನಗಬೇಡಿ. ಇದೇ ಜಗಳ ದೊಡ್ಡವರ ನಡುವೆಯೂ ಆಗಿದೆ. ಯುವಕರಾಗಿದ್ದಾಗ ಬಾಬಾಸಾಹೇಬರಿಗೆ ಬಾಳೂ ಅಂದರೆ ಅಭಿಮಾನ. ಆದರೆ 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಳೂ ಆಚೆ ನಿಂತ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸುಮಾರು ಎರಡು ಸಾವಿರ ಮತಗಳಿಂದ ಸೋತ. ನಾವು ಬಾಬಾಸಾಹೇಬರ ಪಕ್ಷ, ಅದರಲ್ಲಿ ಅನುಮಾನ ಇಲ್ಲ. ಆದರೂ ಬಾಳೂವನ್ನು ದ್ರೋಹಿ ಅನ್ನಲಿಕ್ಕೆ ನಮ್ಮ ಬಾಯಿ ಬರುವುದಿಲ್ಲ. ಮಣ್ಣಿನ ಕುಡಿಕೆ ಹಿಡಿದುಕೊಂಡೇ ಆ ಮನುಷ್ಯ ಮೂವತ್ತು ವರ್ಷ ಒಗೆದಿದ್ದ. ಒಳಗಿನವರು ಒಂದು ದಿನ ಒಳಗೆ ಕರೆದಾರು ಅನ್ನುವ ಆಸೆಯನ್ನು ಅಷ್ಟು ಸುಲಭಕ್ಕೆ ಬಿಡಲಾಗುತ್ತದೆಯೆ?

ತಂಗಿಯೂ ಒಂದು ಮಾತು ಹಾಕಿದಳು. 2025ರ ನವೆಂಬರ್ 2ರಂದು ಹೆಣ್ಣುಮಕ್ಕಳ ವಿಶ್ವಕಪ್ ಫೈನಲ್ಲಿನಲ್ಲಿ ದೀಪ್ತಿ ಶರ್ಮಾ 58 ಹೊಡೆದು 5 ವಿಕೆಟ್ ಕಿತ್ತದ್ದನ್ನು ನೋಡಿದವಳು. "ಕೇರಿ ಟೀಮ್ ಅಂತೀರಲ್ಲ, ಅದರಾಗ ನಮಗ ಏನೈತಿ, ಬಾಲ್ ಆರಿಸಿ ಕೊಡೂದಾ?" ಅಂದಳು. ಅವ್ವ ಒಲೆಯ ಮುಂದೆ ನಕ್ಕಳು. ಹೊಲದ ಕೂಲಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದಳು. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ತಂಡದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಪಂದ್ಯಾವಳಿಯ ಅರ್ಜಿ ತಂದಿಟ್ಟಿದ್ದೇವೆ. ಹನ್ನೊಂದು ಹೆಸರಿಗೆ ಹನ್ನೊಂದು ಗೆರೆ, ಮೇಲೆ ನಾಯಕ ಅಂತ ಒಂದು ಖಾಲಿ ಜಾಗ. ರಾಜರಿಗೆ ಪಟ್ಟ ಕಟ್ಟಿದ ಊರಿನ ಮಗ್ಗುಲಿಗೆ ಹುಟ್ಟಿ ಆ ಒಂದು ಜಾಗ ತುಂಬಲಿಕ್ಕೆ ಇಷ್ಟು ದಿನ ಹಿಡಿಯುತ್ತಿದೆ. ಎಡಚ ಬೇಡ ಅನ್ನುತ್ತಾನೆ, ಉಳಿದವರು ಅವನೇ ಅನ್ನುತ್ತಾರೆ. ಅರ್ಜಿಯ ಹಣಕ್ಕೂ ಇನ್ನೂ ಅರ್ಧ ಕಡಿಮೆ ಇದೆ.

ಆದರೆ ಪಟ್ಟಿ ಎತ್ತಿ ಒಂದು ಬ್ಯಾಟು ಕೊಂಡೆವು. ದಿನಾ ಸಂಜೆ ನದಿ ಉಸುಕಿನಲ್ಲಿ ಆಟ. ಒಂದೇ ಕಾಯ್ದೆ: ಹನ್ನೆರಡು ಬಾಲು ಆಡಿದವನು ಹನ್ನೆರಡು ಒಗೆಯಬೇಕು, ಒಗೆದವನು ಆಡಬೇಕು. ಆಡಲಿಕ್ಕೆ ಬಾರದವರು ಬಹಳ. ಕವಣೆಯ ಕೈಗಳು ಬ್ಯಾಟನ್ನು ಕೊಡಲಿಯ ಹಾಗೆ ಹಿಡಿಯುತ್ತವೆ. ನಾವು ಮೊದಲ ದಿನ ಹನ್ನೆರಡರಲ್ಲಿ ಒಂಬತ್ತು ಬಿಟ್ಟೆವು. ತಂಗಿ ಬಂದು ನಾಲ್ಕು ಹೊಡೆದಳು, ಒಂದು ಸೀದಾ ನೀರಿಗೆ ಹೋಯಿತು. ಚೆಂಡಿಗಾಗಿ ಹೊಳೆಗೆ ಇಳಿದವರು ತಿರುಗಿ ಬರುವ ಹೊತ್ತಿಗೆ ಕತ್ತಲು ಕವಿಯುತ್ತಿತ್ತು. ಎಡಚನ ಪಾಳಿ ಉಳಿದಿತ್ತು. ನಾಳೆ ನೋಡೋಣ ಅಂತ ಯಾರೋ ಅಂದರು.

ಎಡಚ ಮೊಬೈಲಿನ ಬೆಳಕು ಹಚ್ಚಿ ಬಡಿಗೆಗಳ ಹಿಂದೆ ಕಲ್ಲಿಗೆ ಆನಿಸಿ ಇಟ್ಟ. ಬ್ಯಾಟನ್ನು ಉಸುಕಿಗೆ ಎರಡು ಸಲ ತಟ್ಟಿದ.

"ಒಗೀರಿ" ಅಂದ.